ಚಿಕ್ಕಪ್ಪ ಫ್ರೆಂಚರಾದದ್ದು

ನಮ್ಮ ಚಿಕ್ಕಪ್ಪ ಫ್ರೆಂಚರು. ಉಡುಪಿಯ ಹತ್ತಿರ ಹುಟ್ಟಿ, ಮೂವತ್ತು ವರ್ಷ ಅಬುಧಾಬಿಯ ಒಂದು ಟೈಲ್ಸ್ ಕಂಪೆನಿಯಲ್ಲಿ ಸ್ಟೋರು ನೋಡಿಕೊಂಡು, ಬೆಳಗಿನ ಗಂಜಿಗೆ ಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ ಮನುಷ್ಯ ಫ್ರೆಂಚ್ ಹೇಗಾಗುತ್ತಾರೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ ಪಾಸ್‌ಪೋರ್ಟ್ ತೆರೆದರೆ ಭಾರತ ಮತ್ತು ಎಮಿರೇಟ್ಸ್ ಬಿಟ್ಟು ಮೂರನೆಯ ದೇಶದ ಮುದ್ರೆ ಇಲ್ಲ. ಪ್ಯಾರಿಸ್ಸಿನ ಆ ಕಬ್ಬಿಣದ ಗೋಪುರವನ್ನು ಅವರು ಕಂಡದ್ದು ದುಬೈಯ ದೇರಾದ ಅಂಗಡಿಯೊಂದರ ಕೀ ಚೈನಿನಲ್ಲಿ ಮಾತ್ರ. ಆದರೂ ಆ ಒಂದು ವರ್ಷ, ಫ್ರಾನ್ಸಿನಲ್ಲೇ ಹುಟ್ಟಿ ಬೆಳೆದವರನ್ನೂ ಲೆಕ್ಕಕ್ಕೆ ಹಿಡಿದು ಹೇಳುತ್ತೇನೆ, ಅವರಷ್ಟು ಫ್ರೆಂಚ್ ಆದವರು ಇಡೀ ಅಬುಧಾಬಿಯಲ್ಲಿ ಇನ್ನೊಬ್ಬರಿರಲಿಲ್ಲ!

ರೋಗದ ಮೊದಲ ಲಕ್ಷಣ ನನಗೆ ಕಂಡದ್ದು ದೇರಾದ ಮೀನು ಮಾರುಕಟ್ಟೆಯಲ್ಲಿ. ನಾನು, ನನ್ನ ಹೆಂಡತಿ ಆಗ ಬರ್ ದುಬೈಯಲ್ಲಿದ್ದೆವು. ಚಿಕ್ಕಪ್ಪ ಎರಡು ವಾರಕ್ಕೊಮ್ಮೆ ಶುಕ್ರವಾರ ಅಬುಧಾಬಿಯಿಂದ ಬಸ್ಸು ಹಿಡಿದು ಬರುವುದು, ನಾನೂ ಅವರೂ ಅಬ್ರಾ ದೋಣಿಯಲ್ಲಿ ಖೋರ್ ಅನ್ನುವ ಕಡಲ ಕಾಲುವೆ ದಾಟಿ ಮೀನಿಗೆ ಹೋಗುವುದು ರೂಢಿ. ಅಂದು ನಾನು ಎಂದಿನಂತೆ ಬಂಗಾಳಿ ಮೀನಿನವನ ಮುಂದೆ ನಿಂತು ಅಂಜಲ್ ಎಷ್ಟು ಅಂತ ಕೇಳಿದೆ. ಚಿಕ್ಕಪ್ಪ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

"ಎಂಥದು ಮಾರಾಯ ನೀನು? ಬಂದ ಕೂಡಲೇ ರೇಟು ಕೇಳುವುದಾ? ಮೊದಲು ಬೋಂಜೂರ್ ಹೇಳಬೇಕು."

"ಯಾರಿಗೆ, ಮೀನಿಗಾ?"

"ಮೀನಿನವನಿಗೆ. ಅಂಗಡಿಗೆ ಹೋದರೆ ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ. ಇಲ್ಲದಿದ್ದರೆ ಫ್ರಾನ್ಸಿನಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ ಗೊತ್ತುಂಟಾ?"

ನಾವಿದ್ದದ್ದು ದೇರಾದಲ್ಲಿ. ಆದರೆ ಇಂಥ ಸಣ್ಣ ವಿಷಯವೆಲ್ಲ ಚಿಕ್ಕಪ್ಪನನ್ನು ತಡೆಯುತ್ತದೆಯೇ? ಸಿಗಡಿಯವನಿಗೊಂದು ಬೋಂಜೂರ್, ಬೂತಾಯಿಯವನಿಗೊಂದು ಬೋಂಜೂರ್, ಮೀನು ಕತ್ತರಿಸುವ ಸಾಲಿನಲ್ಲಿ ಕೂತ ಹನ್ನೆರಡು ಜನರಿಗೆ ಹನ್ನೆರಡು ಬೋಂಜೂರ್. ಮೂರನೆಯ ಶುಕ್ರವಾರದ ಹೊತ್ತಿಗೆ ಆ ಬಂಗಾಳಿಯೇ ನಮ್ಮನ್ನು ಹತ್ತು ಮಾರು ದೂರದಿಂದ ಕಂಡು "ಬೋಂಜೂರ್, ಬೋಂಜೂರ್" ಅಂತ ಕೂಗತೊಡಗಿದ. ಅಂಜಲ್ ಕೂಡ ಕಿಲೋಗೆ ಐದು ದಿರ್ಹಮ್ ಏರಿತು. ಅಷ್ಟು ಮರ್ಯಾದೆಯಿಂದ ಮಾತಾಡಿಸಿದ ಮೇಲೆ ಚೌಕಾಸಿ ಮಾಡಲು ಚಿಕ್ಕಪ್ಪನಿಗೆ ನಾಲಗೆ ಏಳುವುದಿಲ್ಲ ಅಂತ ಅವನು ಕಂಡುಕೊಂಡಿದ್ದ.

ಇದಕ್ಕೆಲ್ಲ ಕಾರಣ ಶ್ರುತಿ. ಚಿಕ್ಕಪ್ಪನ ಒಬ್ಬಳೇ ಮಗಳು. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮ ತೀರಿಕೊಂಡರು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಎರಡು ಕೋಣೆಯ ಫ್ಲಾಟಿನಲ್ಲಿ ಅಪ್ಪನೇ ಅಡುಗೆ ಮಾಡಿ, ಜಡೆ ಹೆಣೆದು, ಶಾಲೆಯ ಬಸ್ಸು ಹತ್ತಿಸಿ ಬೆಳೆಸಿದ ಹುಡುಗಿ. ಓದಿ ಎಂಜಿನಿಯರ್ ಆಗಿ ಅದೇ ಊರಿನಲ್ಲಿ ಕೆಲಸಕ್ಕೆ ಸೇರಿದಳು. ಅವಳ ಆಫೀಸಿನಲ್ಲಿ ಲ್ಯೂಕ್ ಅಂತ ಒಬ್ಬ ಫ್ರೆಂಚ್ ಹುಡುಗ. ಮುಂದಿನದ್ದನ್ನು ನಾನು ಹೇಳಬೇಕಾಗಿಲ್ಲ.

ಒಂದು ಸಂಜೆ ಅವಳು ಧೈರ್ಯ ಮಾಡಿ ಹೇಳಿದಳಂತೆ. ಚಿಕ್ಕಪ್ಪ ಬೈಯಲಿಲ್ಲ, ಕೂಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಎರಡು ಗಂಟೆ ಕಡಲ ದಂಡೆಯ ಕಾರ್ನಿಷಿನಲ್ಲಿ ನಡೆದರು. ವಾಪಸು ಬಂದು ಕೇಳಿದ್ದು ಒಂದೇ ಪ್ರಶ್ನೆ.

"ಅವರು ಮೀನು ತಿನ್ನುತ್ತಾರಾ?"

"ತಿನ್ತಾರೆ ಪಪ್ಪ."

"ಹಾಗಾದರೆ ಅಡ್ಡಿಲ್ಲ."

ಹೀಗೆ ಮದುವೆ ಗಟ್ಟಿಯಾಯಿತು. ಆದರೆ ಗಟ್ಟಿಯಾದ ಮರುದಿನದಿಂದಲೇ ಚಿಕ್ಕಪ್ಪನಿಗೆ ನಿದ್ದೆ ಹೋಯಿತು. ಮದುವೆಯಾದ ಮೇಲೆ ಶ್ರುತಿ ಹೋಗಿ ಇರಬೇಕಾದದ್ದು ಫ್ರಾನ್ಸಿನಲ್ಲಿ, ಹುಡುಗನ ಊರಿನಲ್ಲಿ. ಮುಂದಿನ ಚಳಿಗಾಲಕ್ಕೆ ಹುಡುಗನ ಅಪ್ಪ ಅಮ್ಮ ಹೆಣ್ಣಿನ ಮನೆ ನೋಡಲು ಅಬುಧಾಬಿಗೆ ಬರುವವರಿದ್ದರು. ಬಂದು ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡುವವರಿದ್ದರು.

"ನೋಡು," ಅಂತ ಚಿಕ್ಕಪ್ಪ ನನ್ನೊಡನೆ ಒಮ್ಮೆ ಹೇಳಿದರು, "ನಾಳೆ ಅವಳು ಆ ಜನರ ನಡುವೆ ಬದುಕಬೇಕು. ತಾಯಿ ಇಲ್ಲದೆ ಬೆಳೆದವಳು, ಅಪ್ಪನಿಗೆ ರೀತಿ ರಿವಾಜು ಎಂಥದೂ ಗೊತ್ತಿಲ್ಲ ಅಂತ ಅವರಿಗೆ ಒಮ್ಮೆ ಅನ್ನಿಸಿತು ಅಂತಾದರೆ ಮತ್ತೆ ಅದು ಹೋಗುವುದಿಲ್ಲ. ನನ್ನಿಂದಾಗಿ ಅವಳು ತಲೆ ತಗ್ಗಿಸುವ ಹಾಗೆ ಆಗಬಾರದು ಮಾರಾಯ. ಆ ಒಂದು ಊಟ ಸರಿ ಆಗಬೇಕು."

ನಾನು ಆಗ ನಗಬಾರದಿತ್ತು. ನಕ್ಕೆ. ಒಂದು ಊಟಕ್ಕೆ ಒಂದು ವರ್ಷದ ತಯಾರಿ ಅಂದರೆ ಯಾರಿಗೆ ನಗು ಬರುವುದಿಲ್ಲ ಹೇಳಿ?

"ಅಷ್ಟೇ ತಾನೆ? ಲ್ಯೂಕ್ ಇದ್ದಾನಲ್ಲ, ಅವನನ್ನೇ ಕೇಳಿ."

"ಅವನನ್ನು ಕೇಳಿದರೆ ನನಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತಾಗುವುದಿಲ್ಲವಾ?"

ಹಾಗಾಗಿ ಚಿಕ್ಕಪ್ಪ ತಮಗೆ ತಕ್ಕ ಗುರುವನ್ನು ತಾವೇ ಹುಡುಕಿಕೊಂಡರು. ಅವರ ಕಟ್ಟಡದ ಕೆಳಗೆ ಒಂದು ಕೆಫೆಟೇರಿಯಾ ಇತ್ತು. ಚಹಾ, ಪರೋಟ, ಮೊಟ್ಟೆ ಸ್ಯಾಂಡ್‌ವಿಚ್ ಮಾರುವ, ನಾಲ್ಕು ಪ್ಲಾಸ್ಟಿಕ್ ಕುರ್ಚಿಯ ಅಂಗಡಿ. ಅದನ್ನು ನಡೆಸುತ್ತಿದ್ದ, ಎಲ್ಲರೂ ಕಾಕಾ ಅಂತ ಕರೆಯುತ್ತಿದ್ದ ಮಲಯಾಳಿ ಮಾಹೆಯವರು. ಮಾಹೆ ಗೊತ್ತಲ್ಲ? ಮಲಬಾರಿನ ಕರಾವಳಿಯಲ್ಲಿ ಒಂದು ಅಂಗೈಯಷ್ಟು ಊರು, ಹಿಂದೆ ಫ್ರೆಂಚರ ಕೈಯಲ್ಲಿತ್ತು. ಕಾಕಾನ ಅಜ್ಜ ಯಾರೋ ಫ್ರೆಂಚ್ ದೊರೆಯ ಬಂಗಲೆಯಲ್ಲಿ ಊಟ ಬಡಿಸುತ್ತಿದ್ದರಂತೆ. ಅಷ್ಟು ಸಾಲದೇ? ಕಾಕಾ ಪರೋಟ ಬಡಿಯುತ್ತ ಪಾಠ ಹೇಳುವುದು, ಚಿಕ್ಕಪ್ಪ ಚಹಾ ಕುಡಿಯುತ್ತ ಇನ್ನೂರು ಪುಟದ ಪುಸ್ತಕದಲ್ಲಿ ಬರೆದುಕೊಳ್ಳುವುದು. ಅಜ್ಜನಿಂದ ಮೊಮ್ಮಗನಿಗೆ, ಮೊಮ್ಮಗನಿಂದ ನಮ್ಮ ಚಿಕ್ಕಪ್ಪನಿಗೆ, ಎಪ್ಪತ್ತು ವರ್ಷ ಹಳೆಯ ಫ್ರಾನ್ಸು ಹೀಗೆ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಬಂದಿಳಿಯಿತು.

ಮೊದಲ ಪಾಠ, ಬ್ರೆಡ್ಡನ್ನು ಮೇಜಿನ ಮೇಲೆ ಬೋರಲಾಗಿ ಇಡಬಾರದು, ಮನೆಗೆ ಕೇಡು. ಒಪ್ಪೋಣ. ಆದರೆ ಚಿಕ್ಕಪ್ಪ ಆ ನಿಯಮವನ್ನು ಚಪಾತಿಗೂ ಹಚ್ಚಿದರು. ನನ್ನ ಹೆಂಡತಿ ಚಪಾತಿ ಬಡಿಸಿದ ಕೂಡಲೇ ಅವರು ಕನ್ನಡಕ ಹಾಕಿಕೊಂಡು ಅದನ್ನು ಎತ್ತಿ ಈ ಕಡೆ ಆ ಕಡೆ ನೋಡುವರು.

"ಮಾವ, ಸೀದಿದೆಯಾ?"

"ಇಲ್ಲಮ್ಮ. ಇದರ ಮುಖ ಯಾವುದು ಅಂತ ನೋಡುತ್ತಿದ್ದೇನೆ."

ಚಪಾತಿಗೆ ಮುಖವೆಲ್ಲಿ, ಬೆನ್ನೆಲ್ಲಿ? ಅರ್ಧ ಗಂಟೆ ಚರ್ಚೆಯಾಯಿತು. ಉಬ್ಬಿದ ಕಡೆ ಮುಖ ಅಂತ ಅವರು, ಎರಡೂ ಕಡೆ ಉಬ್ಬಿದರೆ ಏನು ಗತಿ ಅಂತ ಅವಳು. ನೀರುದೋಸೆ ಮಾಡಿದ ದಿನ ಮಾತ್ರ ಮನೆಯಲ್ಲಿ ಶಾಂತಿ. ಮಡಚಿದ ದೋಸೆಗೆ ಬೋರಲು ಅನ್ನುವುದೇ ಇಲ್ಲ ಅಂತ ಕಾಕಾನಿಂದ ತೀರ್ಪು ಬಂದಿತ್ತು.

ಎರಡನೆಯ ಪಾಠ ಕೆನ್ನೆಯದ್ದು. ಫ್ರೆಂಚರು ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಗೆ ಮುತ್ತು ಕೊಡುತ್ತಾರಷ್ಟೆ? ಎಷ್ಟು ಸಲ ಅನ್ನುವುದು ಊರಿಂದೂರಿಗೆ ಬೇರೆ. ಕಾಕಾನಿಗೂ ಖಚಿತವಿರಲಿಲ್ಲ. ಯಾವುದಕ್ಕೂ ಇರಲಿ ಅಂತ ಚಿಕ್ಕಪ್ಪ ನಾಲ್ಕಕ್ಕೆ ಅಭ್ಯಾಸ ಶುರು ಮಾಡಿದರು. ಅಭ್ಯಾಸಕ್ಕೆ ಸಿಕ್ಕಿದವನು ನಾನು. ಬಾಗಿಲು ತೆರೆದ ಕೂಡಲೇ ಬಲ, ಎಡ, ಬಲ, ಎಡ! ಅವರು ಗಡ್ಡ ಬೋಳಿಸದ ದಿನ ಅಬುಧಾಬಿಯಿಂದ ಹೊರಟ ಸುದ್ದಿ ಕೇಳಿದರೇ ನನ್ನ ಕೆನ್ನೆ ಉರಿಯುತ್ತಿತ್ತು.

ಅಭ್ಯಾಸ ಬಲವಾಗಿ ಒಂದು ಸತ್ಯನಾರಾಯಣ ಪೂಜೆಯಲ್ಲಿ ಅನಾಹುತವಾಯಿತು. ಶಾರ್ಜಾದಲ್ಲಿ ಊರಿನವರೊಬ್ಬರ ಮನೆ. ಚಿಕ್ಕಪ್ಪ ಒಳಗೆ ಹೋದವರು ಮೈಮರೆತು ಎದುರು ಸಿಕ್ಕವರಿಗೆಲ್ಲ ಕೆನ್ನೆ ಚಾಚಿದರು. ಮನೆಯವರ ಗೆಳೆಯರಾಗಿ ಬಂದಿದ್ದ ಭಟ್ಕಳದ ವ್ಯಾಪಾರಿ ಸಾಹೇಬರು ಅರಬರ ನಡುವೆ ನಲವತ್ತು ವರ್ಷ ಬದುಕಿದವರು. ಅವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಅವರೂ ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿ "ಮಕ್ಕಳು ಹೇಗಿದ್ದಾರೆ?" ಅಂತ ವಿಚಾರಿಸಿದರು. ಆಪತ್ತು ಬಂದದ್ದು ಪುರೋಹಿತರಿಗೆ. ಮಡಿಯಲ್ಲಿದ್ದ ಭಟ್ಟರು ಕೆನ್ನೆಯೊಂದು ತಮ್ಮತ್ತ ಬರುವುದನ್ನು ಕಂಡು ಹಿಂದಕ್ಕೆ ಸರಿದರು, ಸರಿದು ಗೋಡೆಗೆ ತಾಗಿದರು, ತಾಗಿದ ಮೇಲೆ ಹೋಗಲು ಜಾಗವಿರಲಿಲ್ಲ. ಅವರು ಇನ್ನೊಮ್ಮೆ ಸ್ನಾನ ಮಾಡಿ ಬರುವ ತನಕ ಕಥೆ ನಿಂತಿತ್ತು.

ಇನ್ನು ಊಟದ ಪಾಠ. ಅದನ್ನು ನೆನೆದರೆ ನನಗೆ ಈಗಲೂ ಹಸಿವಾಗುತ್ತದೆ. ಒಂದು ಶುಕ್ರವಾರ ನಮ್ಮಿಬ್ಬರನ್ನೂ ತಾಲೀಮಿಗೆ ಅಂತ ಅಬುಧಾಬಿಗೆ ಕರೆದರು. ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಏಳು ಗಂಟೆಗೆ ಹೋಗಿ ಕೂತೆವು. ಮೊದಲು ಎರಡು ಆಲಿವ್ ಕಾಯಿ, ಒಂದು ತುಂಡು ಮುಳ್ಳುಸೌತೆ. ನಲವತ್ತು ನಿಮಿಷದ ಮಾತುಕತೆ. ಆಮೇಲೆ ಬಟ್ಟಲಿನಲ್ಲಿ ಬರೀ ಸಾರು.

"ಮಾವ, ಸ್ವಲ್ಪ ಅನ್ನ ಹಾಕುತ್ತೀರಾ?" ಅಂತ ನನ್ನ ಹೆಂಡತಿ.

"ಅನ್ನ ನಾಲ್ಕನೆಯದು. ಈಗ ಎರಡನೆಯದು ನಡೆಯುತ್ತಾ ಉಂಟು."

ಸಾರಿನ ಬಟ್ಟಲು ಹೋಯಿತು. ಬಂತು ಒಂದೊಂದು ತುಂಡು ಮೀನಿನ ರವಾ ಫ್ರೈ, ಒಂಟಿಯಾಗಿ. ಜತೆಗೆ ಇನ್ನೊಂದು ನಲವತ್ತು ನಿಮಿಷ. ಎರಡೂ ಕೈ ಮೇಜಿನ ಮೇಲೆಯೇ ಇರಬೇಕು, ಕೆಳಗೆ ಇಡುವುದು ಮರ್ಯಾದೆಯಲ್ಲ ಅಂತ ಕಾಕಾನ ಅಪ್ಪಣೆ. ನನ್ನ ಹೆಂಡತಿಯ ಒಂದು ಕೈ ಮಾತ್ರ ಮೇಜಿನ ಮೇಲೆ ಇತ್ತು. ಬಗ್ಗಿ ನೋಡಿದರೆ ಇನ್ನೊಂದು ಕೈ ಕೈಚೀಲದೊಳಗಿನ ಖಾರದ ಅವಲಕ್ಕಿಯ ಪೊಟ್ಟಣದಲ್ಲಿತ್ತು. ನನಗೂ ಒಂದು ಮುಷ್ಟಿ ದಾಟಿಸಿದಳು. ದಾಂಪತ್ಯದಲ್ಲಿ ಅದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಂಡಿಲ್ಲ.

ಕೊನೆಗೆ ಚೀಸು. ಊಟವಾದ ಮೇಲೆ ಚೀಸು ತಿನ್ನಬೇಕು, ಅದನ್ನು ಫ್ರಿಜ್ಜಿನಿಂದ ಸ್ವಲ್ಪ ಮೊದಲೇ ತೆಗೆದಿಡಬೇಕು. ನಮ್ಮ ಚಿಕ್ಕಪ್ಪ ಯಾವುದನ್ನೂ ಕೊನೆಯ ಗಳಿಗೆಗೆ ಇಡುವವರಲ್ಲ. ಹಿಂದಿನ ದಿನವೇ ತೆಗೆದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದರು. ಮೇ ತಿಂಗಳು. ಆ ವಾಸನೆ ಚಿಕ್ಕಪ್ಪನ ಫ್ಲಾಟಿನಲ್ಲಿ ಮಾತ್ರ ಇದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆವು. ಅದು ಬಾಗಿಲ ಸಂದಿಯಿಂದ ಹೊರಬಿದ್ದು ಮಹಡಿ ಪೂರ್ತಿ ತಿರುಗಾಡಿ ಬಂದಿತ್ತು. ಪಕ್ಕದ ಮನೆಯವರು ಎಲ್ಲೋ ಇಲಿ ಸತ್ತಿದೆ ಅಂತ ದೂರು ಕೊಟ್ಟರು. ಕಟ್ಟಡದ ವಾಚ್‌ಮನ್ ಟಾರ್ಚು ಹಿಡಿದು, ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಬಂದ. ಸಿಂಕಿನ ಕೆಳಗೆ ನೋಡಿದ, ಎ.ಸಿ.ಯ ಹಿಂದೆ ನೋಡಿದ. ಕೊನೆಗೆ ನಮ್ಮ ಮೇಜಿನ ಹತ್ತಿರ ಬಂದು ನಿಂತು "ಸಾಬ್, ಮಿಲ್ ಗಯಾ" ಅಂದ. ಅಂದವನೇ ತಟ್ಟೆ ಸಮೇತ ಎತ್ತಿ ಕಸದ ಚೀಲಕ್ಕೆ ಹಾಕಿ, ಗಂಟು ಬಿಗಿದು, ಸಲಾಮು ಹೊಡೆದು ಹೊರಟುಹೋದ. ಐದನೆಯ ಸುತ್ತು ಅಲ್ಲಿಗೆ ಖಲಾಸ್!

ಹೀಗೆ ವರ್ಷ ಕಳೆದು ಜನವರಿ ಬಂತು. ಬೀಗರು ಬಂದರು. ಊಟದ ದಿನ ಹೂವು ತರುವ ಜವಾಬ್ದಾರಿ ನನ್ನದು. "ಒಳ್ಳೆ ಹೂವು ತಾ" ಅಂತಷ್ಟೇ ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದರು. ನಾನು, ನನ್ನ ಹೆಂಡತಿ ಬರ್ ದುಬೈಯ ದೇವಸ್ಥಾನದ ಗಲ್ಲಿಗೆ ಹೋದೆವು. ಊರಿನಿಂದ ಬೆಳಿಗ್ಗೆಯೇ ಬಂದಿಳಿದ ಹಳದಿ ಸೇವಂತಿಗೆ, ಹನಿ ಕೂಡ ಆರಿರಲಿಲ್ಲ. ಮೊದಲ ಸಲ ಬೀಗರು ಮನೆಗೆ ಬರುವಾಗ ಅದಕ್ಕಿಂತ ಶುಭದ ಹೂವು ಯಾವುದು? ಮಾರುದ್ದದ ಎರಡು ಮಾಲೆ, ಜತೆಗೆ ಒಂದು ಬುಟ್ಟಿ ಬಿಡಿ ಹೂವು ಹಿಡಿದುಕೊಂಡು ಅಬುಧಾಬಿ ತಲುಪಿದೆವು.

ಬಾಗಿಲು ತೆರೆದ ಚಿಕ್ಕಪ್ಪ ಕೋಟು ಹಾಕಿದ್ದರು. ನನ್ನ ಕೈ ನೋಡಿದ್ದೇ ಅವರ ಮುಖ ಬಾಡಿಹೋಯಿತು. "ಸೇವಂತಿಗೆ ತಂದೆಯಾ? ಅವರಲ್ಲಿ ಅದು ಗೋರಿಯ ಮೇಲೆ ಇಡುವ ಹೂವು ಮಾರಾಯ. ಸತ್ತವರಿಗೆ. ಯಾರ ಮನೆಗೂ ಅದನ್ನು ಒಯ್ಯುವುದಿಲ್ಲ. ನಿನಗೆ ಹೇಳಲು ನನಗೆ ಮರೆತೇ ಹೋಯಿತು." ನನ್ನನ್ನು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಬುಟ್ಟಿಯನ್ನೂ ಮಾಲೆಗಳನ್ನೂ ತೆಗೆದುಕೊಂಡು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು.

ಆಗ ನಾನು ಗಮನಿಸಿದೆ. ಸೋಫಾದ ಮೇಲಿನ ಗೋಡೆ ಖಾಲಿ. ಚಿಕ್ಕಮ್ಮನ ಫೋಟೋ ಇರುತ್ತಿದ್ದ ಜಾಗದಲ್ಲಿ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದೆ ಉಳಿದ ಒಂದು ಚೌಕ.

"ಚಿಕ್ಕಮ್ಮನ ಫೋಟೋ ಎಲ್ಲಿ?"

"ಒಳಗೆ ಉಂಟು." ಚಿಕ್ಕಪ್ಪ ಟೈ ಸರಿಮಾಡಿಕೊಂಡರು. "ಬಂದ ಕೂಡಲೇ ತಾಯಿ ಇಲ್ಲದ ಮನೆ ಅಂತ ಅವರಿಗೆ ಕಾಣುವುದು ಬೇಡ."

ಅಷ್ಟರಲ್ಲಿ ಬಾಗಿಲಿನ ಗಂಟೆ ಹೊಡೆಯಿತು. ಶ್ರುತಿ, ಲ್ಯೂಕ್, ಅವನ ಅಪ್ಪ ಅಮ್ಮ. ಅಪ್ಪ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಅಮ್ಮ ಎತ್ತರದ, ನರೆಗೂದಲಿನ ಟೀಚರು. ಚಿಕ್ಕಪ್ಪ "ಬೋಂಜೂರ್" ಅಂತ ಬಲಗೆನ್ನೆ ಮುಂದೆ ಮಾಡಿದರು. ಅದೇ ಹೊತ್ತಿಗೆ ಬೀಗರು, ಪಾಪ ಅವರೂ ದಾರಿಯುದ್ದಕ್ಕೂ ಕಲಿತುಕೊಂಡು ಬಂದಿರಬೇಕು, ಕೈ ಮುಗಿದು ಸೊಂಟದವರೆಗೆ ಬಗ್ಗಿದರು. ಚಿಕ್ಕಪ್ಪನ ಕೆನ್ನೆ ಬೀಗರ ಬೋಳುತಲೆಗೆ ಹೋಗಿ ತಾಗಿತು. ವರ್ಷವಿಡೀ ನನ್ನ ಕೆನ್ನೆ ಉರಿಸಿಕೊಂಡು ಕಲಿತ ವಿದ್ಯೆಯ ಪ್ರಯೋಜನ ಇಷ್ಟು!

ಊಟ ಪುಸ್ತಕದ ಪ್ರಕಾರವೇ ಶುರುವಾಯಿತು. ಆಲಿವ್, ಮಾತುಕತೆ, ಬರೀ ಸಾರು, ಮಾತುಕತೆ. ಮೀನು ಬರುವ ಹೊತ್ತಿಗೆ ಬೀಗರು ಮಗನ ಕಿವಿಯಲ್ಲಿ ಏನೋ ಹೇಳಿದರು. ಲ್ಯೂಕ್ ಮುಜುಗರದಿಂದ ಶ್ರುತಿಯ ಮುಖ ನೋಡಿದ. ಶ್ರುತಿ ನಗು ತಡೆದುಕೊಂಡು ಹೇಳಿದಳು, "ಪಪ್ಪ, ಎಲ್ಲ ಒಟ್ಟಿಗೆ ಬಡಿಸಿಕೊಂಡು ತಿನ್ನಬಹುದಾ ಅಂತ ಕೇಳ್ತಿದ್ದಾರೆ. ಅವರ ಮನೇಲಿ ಇಷ್ಟೆಲ್ಲ ಸುತ್ತು ಇರೋದು ಮದುವೆ ದಿನ ಮಾತ್ರ ಅಂತೆ."

ನನ್ನ ಹೆಂಡತಿ ಇನ್ನೊಂದು ಮಾತಿಗೂ ಕಾಯಲಿಲ್ಲ. ಅನ್ನ, ಸಾರು, ಪಲ್ಯ, ಗಸಿ, ಉಪ್ಪಿನಕಾಯಿ ಒಮ್ಮೆಲೇ ತಂದು ಮೇಜಿನ ಮೇಲೆ ಇಟ್ಟಳು. ಬೀಗರು ಅಂಗಿಯ ತೋಳು ಮಡಚಿ ಊಟಕ್ಕೆ ಕೂತರು. ಚಿಕ್ಕಪ್ಪನ ಕಣ್ಣು ಮಾತ್ರ ಕಿಟಕಿಯಿಂದ ಕೆಳಗೆ, ಕಾಕಾನ ಕೆಫೆಟೇರಿಯಾದ ಬೋರ್ಡಿನ ಮೇಲೆ ನೆಟ್ಟಿತ್ತು.

ಬೀಗಿತ್ತಿ ಹೆಚ್ಚು ತಿನ್ನಲಿಲ್ಲ. ಅವರು ಆಗಾಗ ಗೋಡೆ ನೋಡುತ್ತಿದ್ದರು. ಕೊನೆಗೆ ಶ್ರುತಿಯ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಕೇಳಿದರು. ಶ್ರುತಿಯ ನಗು ನಿಂತಿತು. ಅವಳು ಅಪ್ಪನ ಕಡೆ ನೋಡದೆ ಹೇಳಿದಳು, "ನಾನು ಕಳಿಸಿದ ಫೋಟೋಗಳಲ್ಲೆಲ್ಲ ಇಲ್ಲಿ ಗೋಡೆ ಮೇಲೆ ಅಮ್ಮ ಇರ್ತಿದ್ರು, ಈಗ ಎಲ್ಲಿ ಅಂತ ಕೇಳ್ತಿದ್ದಾರೆ. ಅಷ್ಟು ದೂರದಿಂದ ಬಂದದ್ದು ಅವರನ್ನೂ ನೋಡೋಕೆ ಅಂತೆ."

ಚಿಕ್ಕಪ್ಪ ಎದ್ದರು. ಇನ್ನೂರು ಪುಟದ ಪುಸ್ತಕದಲ್ಲಿ ಇದಕ್ಕೆ ಏನು ಮಾಡಬೇಕು ಅಂತ ಬರೆದಿರಲಿಲ್ಲ. ಅವರು ಮಲಗುವ ಕೋಣೆಯ ಬಾಗಿಲು ತೆರೆದರು, ಬೀಗಿತ್ತಿ ಅವರ ಹಿಂದೆಯೇ ಹೋದರು. ನಾವೂ ಬಾಗಿಲಿಗೆ ಹೋಗಿ ನಿಂತೆವು. ಮಂಚದ ಮೇಲೆ ಚಿಕ್ಕಮ್ಮನ ಫೋಟೋ ಒರಗಿಸಿಟ್ಟಿತ್ತು. ಅದರ ಪಕ್ಕದಲ್ಲೇ, ಬೇರೆ ಜಾಗವಿಲ್ಲದೆ, ನನ್ನ ಸೇವಂತಿಗೆ.

ಬೀಗಿತ್ತಿ ಹೂವು ನೋಡಿ ನಿಂತುಬಿಟ್ಟರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವರು ಶ್ರುತಿಗೆ ಏನೋ ಹೇಳಿದರು.

"ಈ ಹೂವು ಅಮ್ಮನಿಗೆ ತಂದದ್ದಾ ಅಂತ ಕೇಳ್ತಿದ್ದಾರೆ ಪಪ್ಪ. ಪ್ರತಿ ನವೆಂಬರಲ್ಲಿ ಅವರ ಅಮ್ಮನಿಗೆ ಇದೇ ಹೂವು ಇಟ್ಟು ಬರ್ತಾರಂತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ "ವೀ" ಅಂದರು. ಹೌದು ಅನ್ನುವುದಕ್ಕೆ ಫ್ರೆಂಚಿನಲ್ಲಿ ಹಾಗೆ ಹೇಳುತ್ತಾರೆ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬೀಗಿತ್ತಿ ತಾವೇ ಫೋಟೋ ಎತ್ತಿಕೊಂಡು ಹೊರಗೆ ತಂದರು. ಬೀಗರು ಕೈ ಒರೆಸಿಕೊಂಡು ಬಂದು ಸೋಫಾದ ಮೇಲೆ ಹತ್ತಿ ಅದನ್ನು ಮೊಳೆಗೆ ಸಿಕ್ಕಿಸಿ, ಓರೆಯಾಗಿದೆಯಾ ಅಂತ ತಿರುಗಿ ನೋಡಿ ಸರಿಮಾಡಿದರು. ಮಾಲೆ ಹಾಕುವುದು ಬೀಗಿತ್ತಿಗೆ ಗೊತ್ತಿರಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಚಿಕ್ಕಪ್ಪ ಒಂದು ತುದಿ ಹಿಡಿದುಕೊಂಡರು. ಹಾಕಿ ಮುಗಿಸಿ ಬೀಗಿತ್ತಿ ಶ್ರುತಿಯನ್ನು ಪಕ್ಕಕ್ಕೆ ಎಳೆದುಕೊಂಡು, ಅವಳ ತೋಳನ್ನು ಗಟ್ಟಿಯಾಗಿ ಹಿಡಿದು ಫೋಟೋದ ಮುಂದೆ ನಿಂತರು. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಎಲ್ಲರೂ ಚಿಕ್ಕಪ್ಪ ಏನಾದರೂ ಹೇಳುತ್ತಾರೆ ಅಂತ ಕಾದೆವು. ಒಂದು ವರ್ಷ ಕಲಿತ ಫ್ರೆಂಚಿನ ಒಂದು ಪದವೂ ಅವರ ಬಾಯಿಗೆ ಬರಲಿಲ್ಲ. ಅವರು ಫೋಟೋದ ಕಡೆ ತಿರುಗಿ, ಅಡುಗೆಮನೆಯಲ್ಲಿರುವ ಹೆಂಡತಿಯನ್ನು ಕರೆದು ಹೇಳುವ ಹಾಗೆ ಹೇಳಿದರು:

"ನೋಡು ಮಾರಾಯ್ತಿ, ನಿನ್ನ ಬೀಗಿತ್ತಿ ಬಂದಿದ್ದಾರೆ. ಹೂವು ಹಾಕಿದ್ದು ಅವರೇ."